ದೀಪ ಕಾಣಬಾರದು, ಬೆಳಕು ಕಾಣಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಬೆಳಕಿನ ವಿಷಯವನ್ನು ಬಾನುಲಿಯಲ್ಲಿ ಮಾತಾಡಲು ಹೊರಡುವುದಕ್ಕೆ ಸ್ವಲ್ಪ ಭಂಡ ಧೈರ್ಯವೇ ಬೇಕು. ಚಿತ್ರ ಬರೆದು ತೋರಿಸುವ ಹಾಗಿಲ್ಲ. ಆದರೆ ನಾನು ಇವತ್ತು ಹೇಳಹೊರಟಿರುವುದು ಪ್ರೊಜೆಕ್ಟರಿನಂಥ ಯಂತ್ರದೊಳಗೆ ದೀಪದ ಬೆಳಕನ್ನು ಸಮನಾಗಿ ಹರಡುವ ಭಾಗದ ವಿಷಯ; ಅದು ಹೇಗೂ ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ನಿಮಗೇನೂ ನಷ್ಟವಿಲ್ಲ.

ಪ್ರೊಜೆಕ್ಟರ್ ಎಂದೊಡನೆ ಎಲ್ಲರ ಕಣ್ಣೂ ಅದರ ಮುಂದಿರುವ ಲೆನ್ಸಿನ ಮೇಲೆ ಹೋಗುತ್ತದೆ. ಒಳಗಿರುವ ಪುಟ್ಟ ಪ್ಯಾನೆಲ್ಲಿನ ಮೇಲೆ ಮೂಡಿದ ಚಿತ್ರವನ್ನು ಹಿಗ್ಗಿಸಿ ಪರದೆಗೆ ಎಸೆಯುವುದು ಅದರ ಕೆಲಸ. ಪ್ಯಾನೆಲ್ಲಿನ ಹಿಂದೆ ಮಸೂರ, ಕನ್ನಡಿಗಳ ಇನ್ನೊಂದು ವ್ಯವಸ್ಥೆ ಇದೆ. ದೀಪದಿಂದ ಹೊರಟ ಬೆಳಕನ್ನು ಪ್ಯಾನೆಲ್ಲಿನವರೆಗೆ ತಂದು, ಮೂಲೆಮೂಲೆಗೂ ಸಮನಾಗಿ ಹರಡುವುದು ಅದರ ಹೊಣೆ. ಮುಂದಿನ ಲೆನ್ಸಿಗೆ ಚಿತ್ರ ಎಷ್ಟು ಸ್ಪಷ್ಟವಾದರೆ ಅಷ್ಟು ಶಹಭಾಸ್. ಹಿಂದಿನ ವ್ಯವಸ್ಥೆಯ ಲೆಕ್ಕ ಪೂರಾ ತಲೆಕೆಳಗು: ದೀಪದ ಆಕಾರದ ಸುಳಿವು ಕೂಡ ಪರದೆಯ ಮೇಲೆ ಉಳಿಯಕೂಡದು.

ಈ ತಲೆನೋವು ಪ್ರೊಜೆಕ್ಟರಿಗಿಂತ ಮೊದಲು ಸೂಕ್ಷ್ಮದರ್ಶಕದವರನ್ನು ಕಾಡಿತ್ತು. ದೀಪದ ಬಿಂಬವನ್ನು ನೇರವಾಗಿ ಮಾದರಿಯ, ಅಂದರೆ ನೋಡಬೇಕಾದ ವಸ್ತುವಿನ, ಮೇಲೆ ಬೀಳಿಸಿದರೆ, ಜ್ವಾಲೆಯ ಏರಿಳಿತವೆಲ್ಲ ಫೋಟೋದಲ್ಲಿ ಬಂದು ಕೂರುತ್ತದೆ. 1893ರಲ್ಲಿ ಜರ್ಮನಿಯ ಆಗಸ್ಟ್ ಕೋಹ್ಲರ್ ಇದಕ್ಕೊಂದು ಜಾಣ ದಾರಿ ಹುಡುಕಿದರು. ದೀಪದ ಬಿಂಬ ಬೀಳಲಿ, ಆದರೆ ಮಾದರಿಯ ಮೇಲಲ್ಲ, ಬೆಳಕನ್ನು ಮಾದರಿಯ ಕಡೆಗೆ ಕೂಡಿಸಿ ಕಳಿಸುವ ಕಂಡೆನ್ಸರ್ ಮಸೂರದ ರಂಧ್ರದಲ್ಲಿ ಬೀಳಲಿ. ಆಗ ಮಾದರಿಯ ಪ್ರತಿಯೊಂದು ಬಿಂದುವಿಗೂ ದೀಪದ ಎಲ್ಲ ಬಿಂದುಗಳಿಂದಲೂ ಬೆಳಕು ಬಂದು ಸೇರುತ್ತದೆ. ದೀಪದಲ್ಲಿ ಎಲ್ಲಿ ಪ್ರಖರ, ಎಲ್ಲಿ ಮಂದ ಎಂಬ ಭೇದವೇ ಅಳಿಸಿಹೋಗುತ್ತದೆ. ಇಂದಿನ ಪ್ರೊಜೆಕ್ಟರುಗಳ ಒಳಗೂ ಇದೇ ಉಪಾಯ ವೇಷ ಬದಲಿಸಿ ಕೂತಿದೆ.

ಪ್ರೊಜೆಕ್ಟರಿಗೆ ಇನ್ನೊಂದು ತಾಪತ್ರಯವಿದೆ. ದೀಪದ ಹಿಂದಿನ ಬಟ್ಟಲುಗನ್ನಡಿಯಿಂದ, ಅಂದರೆ ಪ್ರತಿಫಲಕದಿಂದ, ಬರುವ ಬೆಳಕು ದುಂಡು, ಪ್ಯಾನೆಲ್ ಆಯತ. 16:9 ಅಳತೆಯ ಆಯತವೊಂದರ ನಾಲ್ಕು ಮೂಲೆಗೂ ತಾಗುವಂತೆ ವೃತ್ತ ಎಳೆದು ಲೆಕ್ಕ ಹಾಕಿ. ವೃತ್ತದ ಸುಮಾರು ಶೇ. 46 ಭಾಗ ಆಯತದ ಹೊರಗೆ ಉಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ ಬೆಳಕು ಪೆಟ್ಟಿಗೆಯನ್ನು ಬಿಸಿ ಮಾಡಲಷ್ಟೇ ಉಪಯೋಗ.

ಇದಕ್ಕೆ ನೊಣದ ಕಣ್ಣಿನಂಥ ಮಸೂರ ಫಲಕ ಬಂತು. ಒಂದೇ ಗಾಜಿನ ಮೇಲೆ ಹತ್ತಾರು ಪುಟ್ಟ ಮಸೂರಗಳು, ಒಂದೊಂದೂ ಪ್ಯಾನೆಲ್ಲಿನ ಆಕಾರದ್ದೇ ಆಯತ. ಇಂಥ ಎರಡು ಫಲಕಗಳನ್ನು ಒಂದರ ಹಿಂದೊಂದು ನಿಲ್ಲಿಸುತ್ತಾರೆ. ಮೊದಲ ಫಲಕದ ಪ್ರತಿ ಮಸೂರ ತನ್ನ ಪಾಲಿನ ದೀಪದ ಬಿಂಬವನ್ನು ಎರಡನೆಯ ಫಲಕದ ಜೊತೆಗಾರ ಮಸೂರದೊಳಗೆ ಮೂಡಿಸುತ್ತದೆ. ಆ ಜೊತೆಗಾರ, ಮೊದಲ ಮಸೂರದ ಆಯತವನ್ನು ಹಿಗ್ಗಿಸಿ ಇಡೀ ಪ್ಯಾನೆಲ್ ಮೇಲೆ ಹಾಸುತ್ತದೆ. ಹತ್ತಾರು ಆಯತಗಳು ಒಂದರ ಮೇಲೊಂದು ಬಿದ್ದಾಗ, ಒಂದರ ಎಡಬದಿಯ ಮಬ್ಬನ್ನು ಇನ್ನೊಂದರ ಎಡಬದಿಯ ಪ್ರಖರತೆ ತುಂಬಿಕೊಡುತ್ತದೆ.

ಇನ್ನೊಂದು ವಿಧಾನ ಬೆಳಕಿನ ಸುರಂಗ. ಒಳಮೈಯೆಲ್ಲ ಕನ್ನಡಿಯಾದ ಆಯತಾಕಾರದ ಕೊಳವೆ, ಇಲ್ಲವೇ ಗಟ್ಟಿ ಗಾಜಿನ ದಂಡ. ಒಂದು ತುದಿಯಲ್ಲಿ ಹೊಕ್ಕ ಬೆಳಕು ಗೋಡೆಗೆ ಬಡಿದು ಬಡಿದು ಇನ್ನೊಂದು ತುದಿಗೆ ಬರುವಷ್ಟರಲ್ಲಿ ಚೆನ್ನಾಗಿ ಕಲಸಿಹೋಗಿರುತ್ತದೆ. ಕೊಳವೆ ದುಂಡಗಿದ್ದರೆ ಈ ಆಟ ನಡೆಯುವುದಿಲ್ಲ. ದುಂಡು ಗೋಡೆ ಬೆಳಕನ್ನು ಮತ್ತೆ ಮತ್ತೆ ನಡುವಿಗೇ ತಂದು ಕೂಡಿಸುತ್ತದೆ. ಚೌಕ, ಆಯತ, ಷಡ್ಭುಜ ಸರಿ. ಸುರಂಗದ ಹೊರತುದಿಯ ಬಿಂಬವೇ ಪ್ಯಾನೆಲ್ ಮೇಲೆ ಬೀಳುವುದರಿಂದ, ಅಲ್ಲೊಂದು ಧೂಳಿನ ಕಣ ಕೂತರೂ ಪರದೆಯ ಮೇಲೆ ಕಲೆಯಾಗಿ ಎದ್ದು ಕಾಣುತ್ತದೆ. ಕಾಗದದ ಮೇಲೆ ಅಂದವಾಗಿರುವ ವಿನ್ಯಾಸ ಕಾರ್ಖಾನೆಯಲ್ಲಿ ಮುಗ್ಗರಿಸುವುದು ಇಂಥ ಕಡೆಯೇ.

ಅಂದಹಾಗೆ, ಎಷ್ಟು ಸಮ ಎಂದರೆ ಸಾಕು? ನಮ್ಮ ಕಣ್ಣು ಇಲ್ಲಿ ಧಾರಾಳಿ. ನಡುವಿನಿಂದ ಮೂಲೆಯ ಕಡೆಗೆ ಬೆಳಕು ನಿಧಾನವಾಗಿ ಇಳಿಯುತ್ತ ಹೋಗಿ ಕಾಲು ಭಾಗ ಕಡಿಮೆಯಾದರೂ ಸಾಮಾನ್ಯವಾಗಿ ನಾವು ಗಮನಿಸುವುದಿಲ್ಲ. ಅದೇ ಒಂದು ಸಣ್ಣ ವ್ಯತ್ಯಾಸಕ್ಕೆ ಚೂಪಾದ ಅಂಚಿದ್ದರೆ ತಕ್ಷಣ ಹಿಡಿದುಬಿಡುತ್ತೇವೆ. ಅಂಚುಗಳನ್ನು ಕಣ್ಣು ತಾನೇ ಉತ್ಪ್ರೇಕ್ಷಿಸಿ ನೋಡುತ್ತದೆಂದು ಭೌತವಿಜ್ಞಾನಿ ಅರ್ನ್‌ಸ್ಟ್ ಮ್ಯಾಕ್ 19ನೇ ಶತಮಾನದಲ್ಲೇ ತೋರಿಸಿದ್ದರು. ಆದ್ದರಿಂದ ಸರಾಸರಿ ಅಂಕಿ ಚೆನ್ನಾಗಿದೆ ಎಂದು ಬೀಗುವ ವಿನ್ಯಾಸಕಾರನನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಈಗ ಈ ವಿದ್ಯೆಯ ತಿರುಳಿಗೆ ಬರೋಣ. ಅದರ ಹೆಸರು ಎಟೆಂಡು. ಬೆಳಕು ಹೊರಡುವ ಜಾಗದ ವಿಸ್ತೀರ್ಣ ಮತ್ತು ಅದು ಹರಡುವ ಘನಕೋನ, ಅಂದರೆ ಬೆಳಕಿನ ಶಂಕು ಎಷ್ಟು ಅಗಲ ಎಂಬುದು, ಇವೆರಡರ ಗುಣಲಬ್ಧ ಎನ್ನಿ. ಮಸೂರ, ಕನ್ನಡಿ ಏನೇ ಬಳಸಿ, ಬೆಳಕನ್ನು ಚೆಲ್ಲದೆ ಈ ಗುಣಲಬ್ಧವನ್ನು ತಗ್ಗಿಸಲು ಸಾಧ್ಯವಿಲ್ಲ. ನೀರು ತುಂಬಿದ ಚೀಲವನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಹಾಗೆ, ಜಾಗ ಕಿರಿದು ಮಾಡಿದರೆ ಕೋನ ಅಗಲವಾಗುತ್ತದೆ, ಕೋನ ಕಿರಿದು ಮಾಡಿದರೆ ಜಾಗ ಹಿಗ್ಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಡಿಎಲ್‌ಪಿ ಪ್ರೊಜೆಕ್ಟರಿನ ಎದೆಯಲ್ಲಿರುವುದು ಲಕ್ಷಾಂತರ ಸೂಕ್ಷ್ಮ ಕನ್ನಡಿಗಳ ಚಿಪ್. ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ್ದು. ಇದೇ ಅದರ ಪ್ಯಾನೆಲ್; ಕನ್ನಡಿ ಒಂದು ಕಡೆ ವಾಲಿದರೆ ಬೆಳಕು ಪರದೆಗೆ, ಇನ್ನೊಂದು ಕಡೆ ವಾಲಿದರೆ ಆಚೆಗೆ. ಕನ್ನಡಿ ಆ ಕಡೆ ಈ ಕಡೆ 12 ಡಿಗ್ರಿ ವಾಲುವ ಚಿಪ್ಪನ್ನೇ ತೆಗೆದುಕೊಳ್ಳೋಣ. ಪರದೆಗೆ ಹೋಗುವ ಬೆಳಕೂ ಹೋಗಬಾರದ ಬೆಳಕೂ ಒಂದಕ್ಕೊಂದು ತಾಗದಿರಬೇಕಾದರೆ, ಬೆಳಕಿನ ಶಂಕು ಅಕ್ಷದಿಂದ ಎಲ್ಲ ಬದಿಗೂ 12 ಡಿಗ್ರಿ ಮೀರುವಂತಿಲ್ಲ. ಕರ್ಣ 0.65 ಅಂಗುಲದ 16:9 ಚಿಪ್ಪಿನ ವಿಸ್ತೀರ್ಣ ಸುಮಾರು 117 ಚದರ ಮಿಲಿಮೀಟರ್. ಇದನ್ನು 12 ಡಿಗ್ರಿಯ ಸೈನ್ ಬೆಲೆಯ ವರ್ಗದಿಂದ, ಅಂದರೆ ಸುಮಾರು 0.043ರಿಂದ, ಗುಣಿಸಿದರೆ 5 ಬರುತ್ತದೆ. ಮುಂದಿನ ಅರ್ಧಗೋಳದಾದ್ಯಂತ ಬೆಳಕು ಸೂಸುವ ಎಲ್‌ಇಡಿಯ ವಿಸ್ತೀರ್ಣ 5 ಚದರ ಮಿಲಿಮೀಟರ್ ಮೀರಿತೋ, ಮೀರಿದ್ದರ ಬೆಳಕು ವ್ಯರ್ಥ. ಒಂದರ ಪಕ್ಕ ಅದೇ ಬಣ್ಣದ ಇನ್ನೊಂದು ಎಲ್‌ಇಡಿ ಕೂಡಿಸಿದರೆ ವಿದ್ಯುತ್ ಖರ್ಚು ಏರುತ್ತದೆ, ಪರದೆ ಹಾಗೇ ಇರುತ್ತದೆ. ಜಾಹೀರಾತಿನಲ್ಲಿ ಬೆಳಕಿನ ಅಳತೆಯಾದ ಲುಮೆನ್ ಎಣಿಸುವವರಿಗೆ ಇದು ರುಚಿಸದ ಮಾತು. ವಿನ್ಯಾಸಕಾರ ಕೇಳುವುದು ದೀಪ ಎಷ್ಟು ಬೆಳಕು ಕೊಡುತ್ತದೆ ಎಂದಲ್ಲ, ಎಷ್ಟು ಚಿಕ್ಕ ಜಾಗದಿಂದ ಕೊಡುತ್ತದೆ ಎಂದು.

1995ರಲ್ಲಿ ಫಿಲಿಪ್ಸ್ ತಂದ ಯುಎಚ್‌ಪಿ ಪಾದರಸ ದೀಪ ಪ್ರೊಜೆಕ್ಟರನ್ನು ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಗಿಸಿದ್ದೂ ಇದೇ ಕಾರಣಕ್ಕೆ. ಅದರೊಳಗಿನ ಒತ್ತಡ ವಾತಾವರಣದ ಸುಮಾರು 200 ಪಟ್ಟು, ಬೆಳಕು ಹೊಮ್ಮುವ ಚಾಪದ, ಅಂದರೆ ವಿದ್ಯುತ್ ಕಿಡಿಯ, ಉದ್ದ ಹೆಚ್ಚುಕಡಿಮೆ 1 ಮಿಲಿಮೀಟರ್.

ಎಲ್‌ಸಿಡಿ ಪ್ಯಾನೆಲ್ಲಿಗೆ ಒಂದೇ ದಿಕ್ಕಿಗೆ ಧ್ರುವೀಕರಣಗೊಂಡ, ಅಂದರೆ ಅಲೆಗಳೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕು ಬೇಕು, ಉಳಿದರ್ಧ ಬೇಡ. ಆ ಅರ್ಧವನ್ನೂ ತಿರುಗಿಸಿ ಬಳಸಬಹುದು, ಆದರೆ ಅದನ್ನು ಪಕ್ಕದಲ್ಲಿ ಕೂರಿಸಲು ಎರಡರಷ್ಟು ಜಾಗ ಬೇಕಾಗುತ್ತದೆ, ಎಟೆಂಡು ಇಮ್ಮಡಿಸುತ್ತದೆ. ಇಲ್ಲಿ ನೊಣದ ಕಣ್ಣು ಮತ್ತೆ ನೆರವಿಗೆ ಬರುತ್ತದೆ. ಎರಡನೆಯ ಫಲಕದ ಮಸೂರಗಳಲ್ಲಿ ದೀಪದ ಬಿಂಬ ನಡುವಿನಷ್ಟೇ ಜಾಗ ಹಿಡಿದಿರುತ್ತದೆ, ಅಕ್ಕಪಕ್ಕ ಕತ್ತಲೆ. ಆ ಕತ್ತಲೆಯ ಪಟ್ಟಿಗಳಲ್ಲೇ ತಿರುಗಿಸಿದ ಬೆಳಕನ್ನು ತುಂಬುತ್ತಾರೆ. ಈ ವಿದ್ಯೆಯಲ್ಲಿ ನಾನು ಮೆಚ್ಚಿದ ಯುಕ್ತಿ ಇದು.

ಟಿವಿ, ಫೋನುಗಳ ಹಿಂಬೆಳಕಿನ ಕಥೆ ಬೇರೆ. ಅಲ್ಲಿ ಪ್ಯಾನೆಲ್ಲೇ ದೊಡ್ಡದು, ಎಟೆಂಡುವಿನ ಕಾಟ ಕಡಿಮೆ; ಕಾಟವೆಲ್ಲ ತೆಳುವಾಗಿರಬೇಕೆಂಬ ಹಟದ್ದು. ಅಂಚಿನಿಂದ ಅಕ್ರಿಲಿಕ್ ಹಾಳೆಯೊಳಗೆ ಹೊಕ್ಕ ಬೆಳಕು, ಮೇಲ್ಮೈಯ ಲಂಬಕ್ಕೆ 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದಾಗಲೆಲ್ಲ ಪೂರ್ತಿ ಒಳಕ್ಕೇ ಪ್ರತಿಫಲಿಸುತ್ತ ಸಾಗುತ್ತದೆ. ಕೆಳಗಿನ ಚುಕ್ಕಿಗಳು ಅದರ ದಾರಿ ಕೆಡಿಸಿ ಹೊರಗೆ ಬಿಡುತ್ತವೆ. ದೀಪದ ಹತ್ತಿರ ಚುಕ್ಕಿ ವಿರಳ, ದೂರ ಹೋದಂತೆ ದಟ್ಟ. ಇಷ್ಟೆಲ್ಲ ಮಾಡಿದರೂ ಧ್ರುವಕ, ಬಣ್ಣದ ಶೋಧಕಗಳನ್ನು ದಾಟಿ ಕಣ್ಣಿಗೆ ಬರುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ.

ವಿನ್ಯಾಸವನ್ನು ಪರೀಕ್ಷಿಸುವುದು ಕಂಪ್ಯೂಟರಿನಲ್ಲಿ, ಕುರುಡಾಗಿ ಕಿರಣಗಳನ್ನು ಎಸೆದು. ಪ್ಯಾನೆಲ್ಲನ್ನು ಚಿಕ್ಕ ಚೌಕಗಳಾಗಿ ಹಂಚಿ, ಯಾವುದಕ್ಕೆ ಎಷ್ಟು ಕಿರಣ ಬಿದ್ದವೆಂದು ಎಣಿಸಬೇಕು. ಚೌಕಕ್ಕೆ 100 ಕಿರಣ ಬಿದ್ದರೆ ಎಣಿಕೆಯ ಅನಿಶ್ಚಿತತೆ ಶೇ. 10. ಅದು ಶೇ. 1ಕ್ಕೆ ಇಳಿಯಬೇಕಾದರೆ ಚೌಕವೊಂದಕ್ಕೆ 10,000 ಕಿರಣ. ಚೌಕಗಳೂ 10,000 ಇದ್ದರೆ ಒಟ್ಟು 10 ಕೋಟಿ. ಅವಸರದವರು ಕಡಿಮೆ ಕಿರಣ ಎಸೆದು, ಎಣಿಕೆಯ ಗದ್ದಲವನ್ನೇ ಮಸೂರದ ದೋಷವೆಂದು ತಿದ್ದಲು ಕೂರುತ್ತಾರೆ.

ಇನ್ನು ಲೇಸರ್. ಅದರ ಎಟೆಂಡು ಎಷ್ಟು ಕಡಿಮೆಯೆಂದರೆ ಮೇಲಿನ ಬಡತನದ ಲೆಕ್ಕವೆಲ್ಲ ಮುಗಿದಂತೆಯೇ. ಆದರೆ ಅಲೆಗಳು ಹೆಜ್ಜೆಗೆ ಹೆಜ್ಜೆ ಹೊಂದಿಕೊಂಡು ಬರುವುದರಿಂದ ಪರದೆಯ ತುಂಬ ಮಿನುಗುವ ಮರಳುಮರಳು ಚುಕ್ಕೆ ಏಳುತ್ತವೆ. ಅದನ್ನು ಅಳಿಸಲು ದಾರಿಯಲ್ಲೊಂದು ಅಲುಗಾಡುವ ಮಬ್ಬುಗಾಜು ಇಟ್ಟು, ಕೂಡಿಟ್ಟ ಎಟೆಂಡುವನ್ನು ಬೇಕೆಂದೇ ಒಂದಿಷ್ಟು ಹಿಗ್ಗಿಸುತ್ತಾರೆ. ಹಲವು ಪ್ರೊಜೆಕ್ಟರುಗಳಲ್ಲಿ ನೀಲಿ ಲೇಸರನ್ನು, ಬಿದ್ದ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಸೂಸುವ ಫಾಸ್ಫರ್ ಬಳಿದ ತಿರುಗುವ ಚಕ್ರದ ಮೇಲೆ ಬಿಟ್ಟು ಹಳದಿ ಬೆಳಕು ಪಡೆಯುತ್ತಾರೆ. ಆ ಹಳದಿಯಲ್ಲಿ ಮರಳುಚುಕ್ಕೆ ಇಲ್ಲ. ಅದು ಎಲ್‌ಇಡಿಯ ಹಾಗೇ ಅರ್ಧಗೋಳದ ತುಂಬ ಹರಡುವುದರಿಂದ, ಚಕ್ರದ ಮೇಲೆ ಲೇಸರ್ ಬೀಳುವ ಮಚ್ಚೆ ಎಷ್ಟು ಚಿಕ್ಕದಿರಬೇಕು ಎಂಬುದನ್ನು ಮತ್ತೆ ಆ 5 ಚದರ ಮಿಲಿಮೀಟರಿನ ಲೆಕ್ಕವೇ ತೀರ್ಮಾನಿಸುತ್ತದೆ. ನಮಸ್ಕಾರ.