ಮೀನಿನ ಊಟ: ತೆಳ್ಳಗೆ ಹರಡಿ, ಬೇಗ ಗಟ್ಟಿಯಾಗಲಿ

ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಜೊತೆ ಇವತ್ತು ಸ್ವಲ್ಪ ಮಾತು. ಲೈಟು, ಪಂಪು, ಸ್ಕಿಮ್ಮರ್ ವಿಚಾರ ನಾನು ಎತ್ತುವುದಿಲ್ಲ. ಅದನ್ನು ಹೇಳಲು ಅಂಗಡಿಯವರಿದ್ದಾರೆ. ನಾನು ಹೇಳುವುದು ನಿಮ್ಮ ಫ್ರಿಜ್ಜಿನ ಮೇಲಿನ ಖಾನೆಯ ವಿಚಾರ. ಮೀನಿನ ಊಟವನ್ನು ಮನೆಯಲ್ಲೇ ತಯಾರಿಸಿ ಫ್ರೀಜರಿನಲ್ಲಿ ಇಡುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಇಡೀ ಭಾಷಣದಲ್ಲಿ ಒಂದು ಮಾತು ನೆನಪಿದ್ದರೆ ನನಗೆ ಸಾಕು. ತೆಳ್ಳಗೆ ಹರಡಿ ಇಡಿ. ಡಬ್ಬಿಯಲ್ಲಿ ತುಂಬಿಸಿ ಇಡಬೇಡಿ.

ಯಾಕೆ? ಸಿಗಡಿಯ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಅದು ನಿಧಾನವಾಗಿ ಗಟ್ಟಿಯಾದರೆ ದೊಡ್ಡ ದೊಡ್ಡ ಮಂಜಿನ ಹರಳು ಕಟ್ಟುತ್ತದೆ. ಆ ಹರಳು ಮಾಂಸದ ಜೀವಕೋಶಗಳನ್ನು ಹರಿದು ಹಾಕುತ್ತದೆ. ಆಮೇಲೆ ನೀವು ಅದನ್ನು ಕರಗಿಸಿದಾಗ ಒಳಗಿನ ಸಾರವೆಲ್ಲ ಸೋರಿ ಹೋಗುತ್ತದೆ. ಮೀನಿಗೆ ಸಿಗುವುದು ಚರಟ. ಸಾರ ಹೋಗುವುದು ತೊಟ್ಟಿಯ ನೀರಿಗೆ. ಅಲ್ಲಿ ಅದು ಕೊಳೆತು ಅಮೋನಿಯಾ ಆಗುತ್ತದೆ, ನೈಟ್ರೇಟ್ ಆಗುತ್ತದೆ, ಫಾಸ್ಫೇಟ್ ಏರುತ್ತದೆ. ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ ಬೆಳೆಯುತ್ತದೆ. ಬೇಗ ಗಟ್ಟಿಯಾದರೆ ಹರಳು ಸಣ್ಣದು, ಹರಿಯುವುದು ಕಡಿಮೆ, ಸೋರುವುದೂ ಕಡಿಮೆ.

ಇದನ್ನು ಜಗತ್ತಿನ ವ್ಯಾಪಾರಕ್ಕೆ ತಂದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. 1912ರಲ್ಲಿ ಅವರು ಕೆನಡಾದ ಲ್ಯಾಬ್ರಡಾರ್ ಕಡೆಗೆ ಹೋದರು. ಅಲ್ಲಿನ ಇನುಯಿಟ್ ಜನ ಮಂಜಿನಲ್ಲಿ ಮೀನು ಹಿಡಿದ ಕೂಡಲೇ ಅದು ಕೊರೆಯುವ ಗಾಳಿಗೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ತಿಂಗಳು ಬಿಟ್ಟು ಬೇಯಿಸಿದರೂ ತಾಜಾ ಮೀನಿನ ರುಚಿ. ಊರಿಗೆ ಮರಳಿದ ಮೇಲೆ ಅವರು ಆಹಾರದ ಪೊಟ್ಟಣಗಳನ್ನು ಎರಡು ತಣ್ಣನೆಯ ಲೋಹದ ತಟ್ಟೆಗಳ ನಡುವೆ ಒತ್ತಿ ಹಿಡಿಯುವ ಯಂತ್ರ ಮಾಡಿದರು. ಇವತ್ತಿಗೂ ನಮ್ಮ ಕರಾವಳಿಯ ಮೀನು ಕಾರ್ಖಾನೆಗಳಲ್ಲಿ ಪ್ಲೇಟ್ ಫ್ರೀಜರ್ ಅನ್ನುವುದು ಅದೇ ತತ್ತ್ವದ್ದು. ನಿಮ್ಮ ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಅಷ್ಟೇ. ಅದನ್ನು ಕಾರ್ಖಾನೆಯದರಂತೆ ಮೈನಸ್ 40 ಮಾಡಲು ನಿಮ್ಮಿಂದ ಆಗದು. ಆದರೆ ಆಹಾರವನ್ನು ತೆಳ್ಳಗೆ ಮಾಡುವುದು ನಿಮ್ಮ ಕೈಯಲ್ಲೇ ಇದೆ, ಅಲ್ವಾ?

ಇಲ್ಲಿ ಒಬ್ಬರ ಮನೆಯ ಕಥೆ ಹೇಳಲೇಬೇಕು. ಮಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವವರು. ಹೆಸರು ಬೇಡ. ಚೆಂದದ ತೊಟ್ಟಿ, ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಪೌಡರ್ ಬ್ಲೂ ಟ್ಯಾಂಗ್. ಮೀನು ಸೊರಗಿದೆ, ಕಲ್ಲೆಲ್ಲ ಪಾಚಿ, ಫಿಲ್ಟರ್ ಬದಲಾಯಿಸಿ ಬದಲಾಯಿಸಿ ಸಾಕಾಯಿತು ಎಂದು ನನ್ನ ಹತ್ತಿರ ಬಂದರು. ನಾನು ಮನೆಗೆ ಹೋದವನು ತೊಟ್ಟಿಯನ್ನು ನೋಡುವ ಮೊದಲು ಫ್ರೀಜರ್ ತೆರೆಯಿರಿ ಎಂದೆ. ಅವರಿಗೆ ಆಶ್ಚರ್ಯ.

ಒಳಗೆ ಒಂದು ಐಸ್‌ಕ್ರೀಂ ಡಬ್ಬಿ. ಅದರ ತುಂಬ ಸಿಗಡಿ ಮತ್ತು ಬೊಂಡಾಸ್, ಅಂದರೆ ಸ್ಕ್ವಿಡ್, ಮಿಕ್ಸಿಯಲ್ಲಿ ಅರೆದು ಸುರಿದಿದ್ದಾರೆ. ದಿನಾ ಬೆಳಿಗ್ಗೆ ಡಬ್ಬಿ ಹೊರಗೆ ತೆಗೆಯುವುದು, ಅಂಚು ಸ್ವಲ್ಪ ಮೆತ್ತಗಾಗುವ ತನಕ ಕಟ್ಟೆಯ ಮೇಲೆ ಇಡುವುದು, ಚಾಕುವಿನಲ್ಲಿ ಕೆರೆದು ತೊಟ್ಟಿಗೆ ಹಾಕುವುದು, ಉಳಿದದ್ದನ್ನು ಮತ್ತೆ ಒಳಗೆ ಇಡುವುದು. ಮೇಲ್ಪದರ ಹಳದಿ ತಿರುಗಿತ್ತು. ಮೂಗಿನ ಹತ್ತಿರ ಹಿಡಿದರೆ ಹಳೆಯ ಎಣ್ಣೆಯ ವಾಸನೆ. ಪ್ರತಿ ದಿನ ಕರಗಿ ಪ್ರತಿ ದಿನ ಗಟ್ಟಿಯಾದ ಆಹಾರ ಅದು. ಫ್ರೀಜರ್ ಬ್ಯಾಕ್ಟೀರಿಯಾವನ್ನು ಪೂರ್ತಿ ಸಾಯಿಸುವುದಿಲ್ಲ, ಸುಮ್ನೆ ಕೂರಿಸುತ್ತದೆ. ಕರಗಿದಾಗಲೆಲ್ಲ ಅವು ಎದ್ದು ಕೆಲಸ ಶುರು ಮಾಡುತ್ತವೆ.

ಹೊಸದಾಗಿ ಮಾಡೋಣ ಎಂದು ಬೆಳಿಗ್ಗೆ ಮೀನು ಇಳಿಸುವ ದಕ್ಕೆಗೆ ಹೋಗಿ ಸಿಗಡಿ, ಬೊಂಡಾಸ್, ಒಂದಷ್ಟು ಪಚ್ಚಿಲೆ ಎಂಬ ಹಸಿರು ಚಿಪ್ಪುಮೀನು, ಸ್ವಲ್ಪ ಕಾಣೆ ಮೀನು ತಂದೆವು. ಕೊಚ್ಚಿದ್ದೂ ಆಯಿತು. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೈಯಲ್ಲಿ ಒತ್ತುತ್ತಾ ಕೂತೆವು. ಒಂದು ಕಡೆ ದಪ್ಪ, ಒಂದು ಕಡೆ ತೂತು. ಆಗ ಅವರ ತಾಯಿ ಬಂದರು. ಮೊದಲಿನಿಂದಲೂ ದೂರದಿಂದ ನೋಡುತ್ತಿದ್ದರು. ಮೀನಿಗೆ ಇಷ್ಟು ಉಪಚಾರವಾ ಎಂದು ಅವರಿಗೆ ಸ್ವಲ್ಪ ಅಸಮಾಧಾನ ಇತ್ತು. ಆದರೆ ನಮ್ಮ ಒತ್ತುವ ರೀತಿ ಅವರಿಗೆ ನೋಡಲಾಗಲಿಲ್ಲ. ಒಳಗಿನಿಂದ ಹಲಸಿನ ಹಪ್ಪಳ ಒತ್ತುವ ಮಣೆ ತಂದರು. ಒಂದು ಹಿಡಿ ಕೊಚ್ಚಿದ ಆಹಾರವನ್ನು ಚೀಲದ ಮಧ್ಯಕ್ಕೆ ಹಾಕಿದರು, ಗಾಳಿಯನ್ನು ಅಂಗೈಯಲ್ಲಿ ಸವರಿ ಹೊರಗೆ ಓಡಿಸಿದರು, ಜಿಪ್ ಹಾಕಿದರು, ಮಣೆ ಇಟ್ಟು ಒಂದೇ ಸಲ ಒತ್ತಿದರು. ಚೀಲದ ನಾಲ್ಕು ಮೂಲೆಗೂ ಸಮನಾಗಿ ಹರಡಿತು. ಅರ್ಧ ಸೆಂಟಿಮೀಟರ್ ದಪ್ಪವೂ ಇಲ್ಲ. ಆಮೇಲೆ ಚಮಚದ ಹಿಡಿಯಿಂದ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದರು, ಗಟ್ಟಿಯಾದ ಮೇಲೆ ಮುರಿಯಲು ಸುಲಭ ಎಂದು. ನಾನು ಹೇಳಿಕೊಟ್ಟದ್ದಲ್ಲ. ಅವರ ಕೈಗೆ ಗೊತ್ತಿತ್ತು.

ಹಾಳೆಗಳನ್ನು ಒಂದರ ಮೇಲೊಂದು ಪೇರಿಸದೆ ಸ್ಟೀಲ್ ತಟ್ಟೆಯ ಮೇಲೆ ಬಿಡಿಯಾಗಿ ಇಟ್ಟೆವು. ಲೋಹ ಶಾಖವನ್ನು ಬೇಗ ಎಳೆಯುತ್ತದೆ. ಮಧ್ಯಾಹ್ನ ಊಟ ಮುಗಿಸಿ ನೋಡಿದರೆ ಟಕ್ ಎಂದು ಮುರಿಯುವಷ್ಟು ಗಟ್ಟಿ. ಈಗ ಅವರು ದಿನಾ ಬೇಕಾದ ಚೌಕವನ್ನಷ್ಟೇ ಮುರಿದುಕೊಳ್ಳುತ್ತಾರೆ. ಉಳಿದದ್ದು ಫ್ರೀಜರಿನಿಂದ ಹೊರಗೆ ಬರುವುದೇ ಇಲ್ಲ. ಪಾಚಿ ನಿಧಾನವಾಗಿ ಕಡಿಮೆಯಾಯಿತು, ಟ್ಯಾಂಗ್‌ನ ಹೊಟ್ಟೆ ತುಂಬಿಕೊಂಡಿತು. ಹೊಸ ಯಂತ್ರ ಒಂದನ್ನೂ ಕೊಳ್ಳಲಿಲ್ಲ. ತೆಳ್ಳಗೆ ಹರಡಿದರು, ಅಷ್ಟೇ.

ಕಥೆ ಉದ್ದವಾಯಿತು. ಇನ್ನುಳಿದದ್ದನ್ನು ಬೇಗ ಹೇಳುತ್ತೇನೆ.

ಏನೇನು ಹಾಕಬೇಕು? ಅರ್ಧ ಕಿಲೋ ಮಾಡುವುದಾದರೆ 200 ಗ್ರಾಂ ಸಿಗಡಿ, ಬೊಂಡಾಸ್, ಪಚ್ಚಿಲೆ ಮತ್ತು ಬಿಳಿ ಮಾಂಸದ ಮೀನು ತಲಾ 100 ಗ್ರಾಂ. ಸಿಗಡಿಯ ತಲೆ ತೆಗೆಯಿರಿ, ಬೇಗ ಕೆಡುವುದು ಅದೇ. ಎಲ್ಲವೂ ಹಸಿ, ಉಪ್ಪು ಮಸಾಲೆ ಇಲ್ಲದ್ದು. ನೀವೇ ತಿನ್ನಲು ಹಿಂಜರಿಯುವಷ್ಟು ಹಳತಾದದ್ದು ಮೀನಿಗೂ ಬೇಡ. ಪ್ಯಾಕೆಟ್ ಸಿಗಡಿ ಕೊಳ್ಳುವಾಗ ಹಿಂಬದಿ ಓದಿ. ತೂಕ ಹೆಚ್ಚಿಸಲು ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿದ್ದು ಮಾರುಕಟ್ಟೆಯಲ್ಲಿ ಇರುತ್ತದೆ. ಅದು ನಿಮ್ಮ ತೊಟ್ಟಿಗೆ ಬೇಡ. ಬೂತಾಯಿ, ಬಂಗುಡೆಯೂ ಬೇಡ. ಅವುಗಳ ಎಣ್ಣೆ ಫ್ರೀಜರಿನಲ್ಲೂ ಹಳಸುತ್ತದೆ, ನೀರಿನ ಮೇಲೆ ಪೊರೆ ಕಟ್ಟುತ್ತದೆ. ದನದ ಹೃದಯ, ಕೋಳಿ ಮಾಂಸ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸಮುದ್ರದ ಮೀನಿಗೆ ಸಮುದ್ರದ್ದೇ ಕೊಬ್ಬು ಬೇಕು.

ದಯವಿಟ್ಟು ಮಿಕ್ಸಿ ಮುಟ್ಟಬೇಡಿ. ಅರೆದರೆ ಅರ್ಧ ನೀರಿಗೇ ಕರಗಿ ಹೋಗುತ್ತದೆ. ಚಾಕುವಿನಲ್ಲಿ ಕೊಚ್ಚಿ, ನಿಮ್ಮ ಅತಿ ಸಣ್ಣ ಮೀನಿನ ಬಾಯಿಗೆ ಹಿಡಿಯುವಷ್ಟು. ಕೊಚ್ಚಿದ್ದನ್ನು ಆರ್‌ಓ ನೀರಿನಲ್ಲಿ ಒಮ್ಮೆ ತೊಳೆದು, ಬಸಿದು, ಆಮೇಲೆ ಚೀಲಕ್ಕೆ. ತೆಳ್ಳಗೆ! ಟ್ಯಾಂಗ್, ರ್‍ಯಾಬಿಟ್ ಮೀನು ಇರುವವರು ಸುಶಿಗೆ ಬಳಸುವ ನೋರಿ ಎಂಬ ಒಣ ಕಡಲಪಾಚಿ ಹಾಳೆಯನ್ನು ಪುಡಿ ಮಾಡಿ ಸೇರಿಸಿ. ಉಪ್ಪು, ಎಣ್ಣೆ ಹಚ್ಚದ ನೋರಿ ಇರಲಿ. ಅವು ಮೂಲತಃ ಪಾಚಿ ಮೇಯುವ ಮೀನುಗಳು.

ಹಾಕುವಾಗ, ಒಂದು ಚೌಕ ಮುರಿದು ಪುಟ್ಟ ಲೋಟದಲ್ಲಿ ತೊಟ್ಟಿಯದೇ ನೀರು ಹಾಕಿ ಬಿಡಿ. ತೆಳ್ಳಗಿದ್ದರೆ ಕೆಲವೇ ನಿಮಿಷದಲ್ಲಿ ಬಿಡಿಸಿಕೊಳ್ಳುತ್ತದೆ. ಬಿಸಿನೀರು, ಮೈಕ್ರೋವೇವ್ ಬೇಡ. ಸಣ್ಣ ಬಲೆಯಲ್ಲಿ ಸೋಸಿ, ಆ ನೀರನ್ನು ಸಿಂಕಿಗೆ ಚೆಲ್ಲಿ. ವಿಟಮಿನ್ ಹನಿ ಹಾಕುವ ಅಭ್ಯಾಸ ಇದ್ದರೆ ಈಗ ಹಾಕಿ, ಫ್ರೀಜರಿಗೆ ಇಡುವ ಮೊದಲಲ್ಲ. ವಿಟಮಿನ್ ಸಿ ಸಂಗ್ರಹದಲ್ಲಿ ನಶಿಸುತ್ತದೆ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಕರಗಿಸಿ ಉಳಿದದ್ದು ಬಿಸಾಡಿ, ಮರಳಿ ಫ್ರೀಜರಿಗೆ ಇಡಬೇಡಿ. ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಫ್ರೀಜ್ ಮಾಡಿದ ಕ್ಯೂಬ್ ಕೊಳ್ಳುವವರಿಗೂ ಇದೇ ಕ್ರಮ. ಬರೀ ಆರ್ಟೀಮಿಯಾ ಹಾಕಿದರೆ ಮಾತ್ರ ಸಾಲದು, ಅದರಲ್ಲಿ ಒಮೆಗಾ ಕೊಬ್ಬು ಕಡಿಮೆ.

ಒಂದು ಮಾತು ನಮ್ಮ ಕರಾವಳಿಯವರಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ತಾಜಾ ಮಾಲು ಕಡಿಮೆ, ಹಳೆಯ ಐಸ್ ಮಾಲು ಜಾಸ್ತಿ. ಹಾಗಾಗಿ ಮೇ ಕೊನೆಯ ವಾರದಲ್ಲೇ ಮೂರು ತಿಂಗಳಿಗೆ ಸಾಕಾಗುವಷ್ಟು ಹಾಳೆ ಒತ್ತಿ, ಪ್ರತಿ ಚೀಲದ ಮೇಲೆ ತಾರೀಖು ಬರೆದು, ಫ್ರೀಜರಿನ ಬಾಗಿಲ ಕಡೆಗಲ್ಲ, ಹಿಂಬದಿಗೆ ಇಡಿ. ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ತೆರೆದು ನೋಡಿದಾಗ ಹಾಳೆ ಮೆತ್ತಗಾಗಿದ್ದರೆ ಆ ದಿನಕ್ಕೆ ಬೇಕಾದಷ್ಟು ಬಳಸಿ, ಉಳಿದದ್ದು ಎಸೆದು, ಹೊಸದು ಒತ್ತಿ. ನಮಸ್ಕಾರ.