ಚೊಚ್ಚಲ ಕಾದಂಬರಿ ಮತ್ತು ನಮ್ಮೂರ ಬಾವಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಳೆಯ ಬರಹಗಾರರು ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ನನಗೆ ಓದಲು ಕೊಡುತ್ತಾರೆ. ಮನೆತನದ ಗುಟ್ಟು, ಇಬ್ಬರು ಗೆಳತಿಯರು, ಮೂರು ತಲೆಮಾರಿನ ನೋವು. ವಸ್ತು ಗಟ್ಟಿಯಾಗಿಯೇ ಇರುತ್ತದೆ. ಮೊದಲ ಪುಟ ತೆರೆದರೆ ಮಾತ್ರ, 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಮ್ಮ ಸೀಮೆಯೂ ಸೇರಿದ್ದ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂದಿತು, 17ರಂದು ಅದನ್ನು ಆಳುತ್ತಿದ್ದ ನಿಜಾಮರು ಮಣಿದರು ಎಂದು ಶುರು. ಇದನ್ನು ವಿಮೋಚನಾ ದಿನದ ಭಾಷಣದಲ್ಲಿ ಪ್ರತಿ ವರ್ಷ ಕೇಳುತ್ತೇವಲ್ಲ! ನನಗೆ ಬೇಕಾದದ್ದು ಬೇರೆ. ನಿಮ್ಮ ಮನೆಯಲ್ಲಿ ಯಾವ ಕೆಲಸವನ್ನು ಯಾರೂ ಮಾಡುವುದಿಲ್ಲ? ಅಲ್ಲಿಂದ ಬರೆಯಿರಿ.

ನಮ್ಮ ಮನೆಯದನ್ನೇ ಹೇಳುತ್ತೇನೆ. ಬೀದರ್ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಕೆಂಪು ಕಲ್ಲನ್ನು ಕಡಿದು ತೋಡಿದ ಬಾವಿಯೊಂದಿತ್ತು. ನೀರು ಸಿಹಿ. ಓಣಿಯವರೆಲ್ಲ ಅಲ್ಲಿಯೇ ಸೇದುತ್ತಿದ್ದರು. ನಮ್ಮ ಆಯಿ, ಅಂದರೆ ಅವ್ವನ ತಾಯಿ, ಕೊಡ ಹೊತ್ತು ಊರಾಚೆಯ ಹಳ್ಳಕ್ಕೆ ಹೋಗುತ್ತಿದ್ದಳು. ಕೇಳಿದರೆ, "ಬಾವಿಯದು ಸವಳು ನೀರು" ಎನ್ನುತ್ತಿದ್ದಳು. ಅವ್ವನೂ ಅದನ್ನೇ ಹೇಳಿದಳು. ನನ್ನನ್ನು ಈಜು ಕಲಿಯಲು ಬಿಡಲಿಲ್ಲ. ಮುಂದೆ ನನ್ನ ಮಗಳು ಈಜುಕೊಳಕ್ಕೆ ಹೋಗುತ್ತೇನೆ ಎಂದಾಗ ನಾನು ಗದರಿಸಿದೆ. ಯಾಕೆ ಬೇಡ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಯಿ ತೀರಿಕೊಂಡ ವರ್ಷ, ಅವಳ ಜೊತೆ ಕಳೆ ಕೀಳಲು ಹೋಗುತ್ತಿದ್ದ ಮುದುಕಿಯೊಬ್ಬರು ನಮ್ಮ ಅಂಗಳದಲ್ಲಿ ತೊಗರಿ ಕೇರುತ್ತ ಬಾಯಿಬಿಟ್ಟರು. ಅವರು ಮೂವರು ಗೆಳತಿಯರಂತೆ. ನಿಜಾಮರ ಪರ ನಿಂತಿದ್ದ ಖಾಸಗಿ ಪಡೆಯವರಾದ ರಜಾಕಾರರ ಹಾವಳಿಯಲ್ಲಿ ಆಯಿಯನ್ನು ಬರಿದಾಗಿದ್ದ ಜೋಳದ ಹಗೇವಿನಲ್ಲಿ, ಅಂದರೆ ಕಾಳು ತುಂಬುವ ನೆಲಗುಂಡಿಯಲ್ಲಿ, ಬಚ್ಚಿಟ್ಟು ಉಳಿಸಿದವಳು ಪಕ್ಕದ ಓಣಿಯ ಮುಸ್ಲಿಂ ಗೆಳತಿ. ಪೊಲೀಸ್ ಕಾರ್ಯಾಚರಣೆ ಎಂದು ಕರೆಯುವ ಆ ಸೇನಾ ದಂಡಯಾತ್ರೆಯ ನಂತರ ಸೇಡು ಅವಳ ಓಣಿಗೆ ತಿರುಗಿತು. ಒಂದು ರಾತ್ರಿ ಅವಳು ಬಂದು ಆಯಿಯ ಮನೆಯ ಬಾಗಿಲು ಬಡಿದಳು. ಗಂಡಸರು ಅಗುಳಿ ತೆಗೆಯಗೊಡಲಿಲ್ಲ. ಬೆಳಗ್ಗೆ ಅವಳು ಬಾವಿಯಲ್ಲಿದ್ದಳು.

ಆಗ ಹೀಗೆ ಬಾವಿಗೆ ಬಿದ್ದ ಹೆಂಗಸರು ಹಲವರು. ಈ ಹಿಂಸೆಯ ಬಗ್ಗೆ ತಿಳಿದು ಬರಲು ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳ ಜೊತೆ ನಮ್ಮ ಗುಲ್ಬರ್ಗಾ, ಬೀದರ್ ಜಿಲ್ಲೆಗಳಿಗೇ ಹೆಚ್ಚಿನ ಪೆಟ್ಟು ಬಿದ್ದಿತೆಂದು ಬರೆಯಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ನಮ್ಮ ಮನೆಯಲ್ಲಿಯೂ ಯಾರೂ ಬಾಯಿಬಿಡಲಿಲ್ಲ.

ಈಗ ಹೇಳಿ, ಕಾದಂಬರಿ ಎಲ್ಲಿಂದ ಶುರುವಾಗಬೇಕು? ಸೇನೆಯ ದಂಡಯಾತ್ರೆಯಿಂದಲೋ, ಸಿಹಿನೀರಿನ ಬಾವಿಯನ್ನು ದಾಟಿ ಹಳ್ಳಕ್ಕೆ ನಡೆಯುವ ಆಯಿಯಿಂದಲೋ? ಮನೆಯಲ್ಲಿ ಮಾಡದೇ ಇರುವ ಕೆಲಸ, ಅದನ್ನು ಹಿಡಿಯಿರಿ. ಇನ್ನೊಂದು ಮಾತು: ನಮಗೆ ಗುಟ್ಟು ಹೇಳಿದವರು ಬಂಧುಗಳಲ್ಲ, ಗೆಳತಿ. ನಿಮ್ಮ ಹಸ್ತಪ್ರತಿಗಳಲ್ಲಿ ಗೆಳತಿ ಬರೀ ಚಹಾ ಕುಡಿದು ಹೋಗುತ್ತಾಳೆ. ಅವಳ ಬಾಯಿಗೆ ಕಥೆ ಕೊಡಿ. ಸಂಭಾಷಣೆಯ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತಿದೆ. ಪೆಟ್ಟಿಗೆಯಲ್ಲಿ ಹಳೆಯ ಉರ್ದು ಕಾಗದಗಳಿದ್ದರೆ ಬಲ್ಲವರಿಂದ ಓದಿಸಿ, ಮಾರಬೇಡಿ.

ಈ ಭಾನುವಾರ ಹಿರಿಯರ ಬಳಿ ಕುಳಿತುಕೊಳ್ಳಿ. ಆಗ ಏನಾಯಿತು ಎಂದು ಕೇಳಿದರೆ ಅವರು ಹೇಳುವುದಿಲ್ಲ. ನಾವು ಆ ದಾರಿಯಲ್ಲಿ ಯಾಕೆ ಹೋಗುವುದಿಲ್ಲ ಎಂದು ಕೇಳಿ. ನಮಸ್ಕಾರ.