ಹೊಡೆದ ಹರಟೆ, ಹಾರಿದ ಅಡಿಕೆ

ಎಲ್ಲರಿಗೂ ನಮಸ್ಕಾರ. ಮೈಕು ಈಗ ಸರಿಯಾಗಿದೆ ಅಂದ್ಕೊಳ್ತೇನೆ. ಐದು ನಿಮಿಷದ ಹಿಂದೆ ಅದು ಗುಂಯ್ ಅಂದದ್ದೇ ತಡ, ಈ ಸಭೆಯಿಂದ ಹನ್ನೊಂದು ಜನ ಎದ್ದು ಬಂದಿರಿ. ಎಣಿಸಿದ್ದೇನೆ. ಒಬ್ಬರು ಅರ್ಥಿಂಗ್ ಸರಿಯಿಲ್ಲ ಅಂದರು, ಒಬ್ಬರು ವೈರು ಬಿಟ್ಟಿದೆ ಅಂದರು, ಇನ್ನೊಬ್ಬರು ಮಾತೇ ಆಡದೆ ಜೇಬಿನಿಂದ ಟೆಸ್ಟರ್ ತೆಗೆದರು. ಮದುವೆಮನೆ ಊಟದ ಪಂಕ್ತಿಗೂ ಟೆಸ್ಟರ್ ಇಟ್ಕೊಂಡು ಹೋಗುವ ಪೈಕಿ ನಾವೆಲ್ಲ. ಕೊನೆಗೆ ಅದನ್ನ ಸರಿ ಮಾಡಿದ್ದು ಕಾಫಿ ಕೊಡೋ ಹುಡುಗ. ಸ್ವಿಚ್ ಆರಿಸಿ ಹಾಕಿದ, ಅಷ್ಟೇ.

ನನಗೆ ಕೊಟ್ಟ ವಿಷಯ ‘ಮನೆ ವರ್ಕ್‌ಶಾಪು ಮತ್ತು ಸ್ವಾವಲಂಬನೆ’. ಹೋದ ವರ್ಷದ ಆಯುಧಪೂಜೆಯಿಂದ ತನ್ನ ಹತ್ತು-ಹನ್ನೊಂದರ ಸ್ಪ್ಯಾನರ್ ಕಾಣದೆ ಊರೆಲ್ಲ ಕೈಚಾಚುತ್ತಿರುವವನಿಗೆ ಸ್ವಾವಲಂಬನೆ! ಈ ಸಲ ಪೂಜೆಗೆ ಸ್ಪ್ಯಾನರ್‌ಗಳನ್ನ ಸಾಲಾಗಿ ಜೋಡಿಸಿದರೆ ಎಂಟು-ಒಂಬತ್ತು ಆದಮೇಲೆ ಹಲ್ಲು ಬಿದ್ದ ಬಾಯಿ ಹಾಗೆ ಒಂದು ಸಂದು. ಕುಂಕುಮ ಆ ಸಂದಿಗೇ ಇಟ್ಟೆ.

ನಾನು ಹೇಳಬೇಕು ಅಂತ ಬಂದದ್ದು ಬೇರೆ. ನನ್ನ ಮನೆಯವಳು ಹೇಳ್ತಾಳೆ, “ನೀವು ಶೆಡ್ಡಿನಲ್ಲಿ ಕೆಲಸ ಮಾಡೋದು ಒಂದು ಗಂಟೆ, ಹರಟೆ ನಾಲ್ಕು ಗಂಟೆ” ಅಂತ. ಲೆಕ್ಕ ಸರಿ ಇದೆ. ಆದರೆ ಆ ನಾಲ್ಕು ಗಂಟೆಯೂ ಕೆಲಸವೇ ಅಂತ ನನ್ನ ವಾದ. ಯೂಟ್ಯೂಬಿನಲ್ಲಿ ನೋಡಿ, ಎಲ್ಲವೂ ಮೊದಲನೇ ಸಲವೇ ಕೂರುತ್ತೆ. ಕೆಟ್ಟದ್ದನ್ನ ಕತ್ತರಿಸಿ ಬಿಸಾಕಿರ್ತಾರೆ. ಕೆಟ್ಟ ಕಥೆ ಸಿಗೋದು ನಮ್ಮ ಜಗಲಿಯಲ್ಲಿ ಮಾತ್ರ.

ನಮ್ಮ ಭಾವನ ಅಡಿಕೆ ಸುಲಿಯೋ ಮೆಷಿನ್ನಿನ ಕಥೆ ನಿಮಗೆ ಗೊತ್ತು. ಗೊತ್ತಿದ್ದರೂ ಹೇಳ್ತೇನೆ. ತೀರ್ಥಹಳ್ಳಿ ಕಡೆಯ ಮನೆ, ಸುಲಿಯೋಕೆ ಆಳಿಲ್ಲ, ಮೆಟ್ಟುಗತ್ತಿ ಹಿಡಿಯೋಕೆ ಭಾವನ ಸೊಂಟ ಬಿಡಲ್ಲ. ಸರಿ, ಹಳೇ ನೀರಿನ ಪಂಪಿನ ಮೋಟರ್ ಬಿಚ್ಚಿದೆವು. ನಿಮಿಷಕ್ಕೆ 1440 ಸುತ್ತಿನದು. ಎರಡು ಇಂಚಿನ ಪುಲ್ಲಿ ಒಂದು, ಹತ್ತು ಇಂಚಿನದ್ದೊಂದು. ಚಿಕ್ಕದು ಮೋಟರಿಗೆ, ದೊಡ್ಡದು ರೋಲರಿಗೆ ಹಾಕಿದರೆ ವೇಗ ಐದರಲ್ಲೊಂದಾಗಿ 288 ಸುತ್ತು ಬರಬೇಕು. ನಾನು ಬೆಲ್ಟು ತರೋಕೆ ಪೇಟೆಗೆ ಹೋದವನು ಬರೋದು ತಡವಾಯ್ತು. ಅಷ್ಟರಲ್ಲಿ ಭಾವ ಪುಲ್ಲಿ ಕೂರಿಸಿಯಾಗಿತ್ತು.

“ದೊಡ್ಡದನ್ನ ಮೋಟರಿಗೆ ಹಾಕಿದ್ಯಲ್ಲ ಭಾವ?”

“ಮತ್ತೆ? ಯಜಮಾನ ಮೋಟರ್ ಅಲ್ವಾ?”

ಈ ತರ್ಕಕ್ಕೆ ಎದುರಾಡೋಕೆ ನನಗೆ ಬಾಯಿ ಬರಲಿಲ್ಲ. ಬಂದಿದ್ದರೆ ಒಳ್ಳೇದಿತ್ತು. 1440 ಐದಲೇ 7200. ಮೋಟರ್ ಅಷ್ಟು ಎಳೀಲಿಲ್ಲ, ಗೊರಗೊರ ಅಂತು. ಅರ್ಧ ವೇಗವೇ ಸಾಕಾಯ್ತು. ಮೊದಲನೇ ಅಡಿಕೆ ಸಿಪ್ಪೆ ಸಮೇತ ಮಾಡಿನ ಹೆಂಚು ಒಡೆದು ಹೋಯ್ತು. ಎರಡನೆಯದು ಬಚ್ಚಲಿನ ತಾಮ್ರದ ಹಂಡೆಗೆ ಠಣ್. ಮೂರನೆಯದು ಎಲ್ಲಿ ಹೋಯ್ತು ಇವತ್ತಿಗೂ ಪತ್ತೆಯಿಲ್ಲ. ಅಂಗಳದಲ್ಲಿ ಹಪ್ಪಳ ಒಣಗಿಸ್ತಾ ಇದ್ದ ಅಕ್ಕ ಒಳಗೆ ಇಣುಕಿ, “ಸುಲಿಯೋ ಮೆಷಿನ್ ಅಂದ್ರಿ, ಕೋವಿ ಮಾಡಿದ್ದೀರಲ್ಲ. ಇರ್ಲಿ, ತೋಟಕ್ಕೆ ಮಂಗ ಬಂದಾಗ ಬೇಕಾಗುತ್ತೆ” ಅಂದಳು.

ಆಗ ಒಡೆದದ್ದು ಒಂದು ಹೆಂಚು. ಜಗಲಿಯಲ್ಲಿ ಹೇಳ್ತಾ ಹೇಳ್ತಾ ಈಗ ಏಳಾಗಿದೆ. ಇನ್ನೊಂದು ಮಳೆಗಾಲ ಕಳೆದರೆ ಮಾಡೇ ಹಾರಿರುತ್ತೆ. ಆದರೆ ಹೇಳಿ, ಆಮೇಲೆ ನಮ್ಮಲ್ಲಿ ಯಾರಾದರೂ ಪುಲ್ಲಿ ಅದಲುಬದಲು ಮಾಡಿದ್ದೀರಾ? ಇಲ್ಲ. ಕೈ ಪುಲ್ಲಿಗೆ ಹೋದ ಕೂಡಲೇ ಕಿವಿಯಲ್ಲಿ ಹಂಡೆ ಠಣ್ ಅನ್ನುತ್ತೆ. ಇದು ಯಾವ ವಿಡಿಯೋದಲ್ಲಿ ಬರುತ್ತೆ ಮಾರಾಯ್ರೆ?

ಬೇರಿಂಗ್ ವಿಷಯವೂ ಹಾಗೇ. ಅದರ ಮೇಲೆ 6204 ಅಂತ ನಂಬರಿದ್ದರೆ ಕೊನೇ ಎರಡಂಕಿಯನ್ನ ಐದರಿಂದ ಗುಣಿಸು, ಒಳಗಿನ ತೂತು 20 ಮಿಲಿಮೀಟರ್. 6205 ಆದರೆ 25. ಚೆಂದದ ಲೆಕ್ಕ. ಅದೇ ಧೈರ್ಯದಲ್ಲಿ 6203ಕ್ಕೆ 15 ಅಂತ ಶಾಫ್ಟ್ ತಿರುಗಿಸಿದರೆ ಲೊಡಲೊಡ, ಯಾಕಂದ್ರೆ ಅದು 17. 02ಕ್ಕೆ 15, 01ಕ್ಕೆ 12, 00ಕ್ಕೆ 10. ಯಾಕೆ ಹೀಗೆ ಅಂತ ಒಂದು ರಾತ್ರಿ ಪೂರ್ತಿ ಚರ್ಚೆ ಆಯ್ತು. 03 ಮೂಲಾ ನಕ್ಷತ್ರದಲ್ಲಿ ಹುಟ್ಟಿದ್ದು ಅಂತ ತೀರ್ಮಾನಿಸಿ ಮಂಡಕ್ಕಿ ಖಾಲಿ ಮಾಡಿ ಎದ್ದೆವು. ಆದರೆ 17 ಮರೆತವರಿಲ್ಲ.

ಚೀಟಿ ಬಂತು. ಹತ್ತು ನಿಮಿಷವಂತೆ. ಆಗಲಿ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಕತೆ ಬಿಡೋ ಹಾಗಿಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಆ ರೋಗದ ಮೇಲೆ 1910ರಲ್ಲೇ ಬರೆದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹದ ನೋಡೋಕೆ ಹೊಳೆಯೋ ಚಾಕು ಅದ್ದಬೇಕು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಆ ಕೆಂಪು ಅಂದರೆ ತಾಮ್ರ, ಕಬ್ಬಿಣ ಕರಗಿ ಅದರ ಜಾಗಕ್ಕೆ ತಾಮ್ರ ಬಂದು ಕೂರೋದು. ನಮ್ಮ ಗುಂಪಿನ ಇಬ್ಬರಿಗೆ ಜ್ಞಾನೋದಯ ಆಯ್ತು: “ಹಂಗಾದ್ರೆ ಕಬ್ಬಿಣವನ್ನೆಲ್ಲ ತಾಮ್ರ ಮಾಡಬಹುದಲ್ಲ!” ಒಂದು ಭಾನುವಾರ ಪೂರ್ತಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬರೀ ಮೈಲುತುತ್ತದ ನೀರು, ಅದರೊಳಗೆ ಹೊಳಪು ಸವೆದ ಹಳೇ ಉಪಕರಣ. ಮೇಲೆ ತೆಳುವಾಗಿ ಕೆಂಪು ಬಂತು. ಬಟ್ಟೆಯಲ್ಲಿ ಉಜ್ಜಿದರೆ ಅರ್ಧ ಹೋಯ್ತು. ಶ್ರೀಮಂತರಾಗೋದು ಮುಂದಕ್ಕೆ ಹೋಯ್ತು. ಆ ಉಪಕರಣ ಯಾರದ್ದು ಅನ್ನೋದು ನನಗೆ ಗೊತ್ತಾಗಿದ್ದು ಮೊನ್ನೆ.

ಭದ್ರಾವತಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು ಗ್ರೈಂಡರಿನ ಕಿಡಿ ನೋಡಿ ಉಕ್ಕಿನ ಜಾತಿ ಹೇಳ್ತಾರೆ. ಉದ್ದಕ್ಕೆ ನೇರ ಹೋದರೆ ಮೆದು ಕಬ್ಬಿಣ, ಪಟಪಟ ಸಿಡಿದು ಕವಲೊಡೆದರೆ ಕಾರ್ಬನ್ ಜಾಸ್ತಿ. ಇದನ್ನ ವಿವರವಾಗಿ ಹೇಳಬೇಕಿತ್ತು. ಮಳೆಗಾಲದ ತುಕ್ಕಿನ ಬಗ್ಗೆ ಎರಡು ಪುಟ ಬರೆದಿದ್ದೆ, ಅದು ಕೈಬಿಟ್ಟೆ. ಡ್ರಿಲ್ ಹಿಡಿಯುವಾಗ ಬಟ್ಟೆಯ ಗ್ಲೌಸ್ ಹಾಕಬೇಡಿ, ಸುತ್ತಿಕೊಂಡು ಬೆರಳನ್ನೂ ಎಳೆಯುತ್ತೆ. ಕನ್ನಡಕ ಹಾಕಿ. ಇದೊಂದರಲ್ಲಿ ತಮಾಷೆ ಇಲ್ಲ.

ಎರಡನೇ ಚೀಟಿಯೂ ಬಂತು, ಈ ಸಲ ‘ಸಾಗರದ ಬಸ್ಸು’ ಅಂತ ಬರೆದಿದ್ದಾರೆ. ಮುಗಿಸಿದೆ. ಹೋಗುವಾಗ ನಿಮ್ಮ ನಿಮ್ಮ ಡಬ್ಬಿ ಒಮ್ಮೆ ನೋಡಿ. ಹತ್ತು-ಹನ್ನೊಂದರ ಸ್ಪ್ಯಾನರ್, ಹತ್ತರ ಕಡೆ ಸ್ವಲ್ಪ ಬಾಯಿ ಬಿಟ್ಟಿದೆ, ಮೈಮೇಲೆ ಅಲ್ಲಲ್ಲಿ ತಾಮ್ರದ ಕೆಂಪು. ಮೂರನೇ ಸಾಲಿನಲ್ಲಿ ನಗ್ತಾ ಕೂತ ಇಬ್ಬರು ಮೊದಲು ನೋಡಿ.